ವಾಟರ್‌ಮನ್ ಮುನಿಶಾಮಿಯ ಮಗನ ಮೆರವಣಿಗೆ

ಯುದ್ಧ ಶುರುವಾದ ಮೂರನೇ ದಿನಕ್ಕೆ ಮುನಿಶಾಮಿಗೆ ಟೀ ಅಂಗಡಿಯಲ್ಲಿ ಕುರ್ಚಿ ಸಿಕ್ಕಿತು.

ಇಪ್ಪತ್ತೆರಡು ವರ್ಷದಿಂದ ನಲ್ಲಗುಟ್ಟಹಳ್ಳಿಗೆ ನೀರು ಬಿಡುವ ಕೆಲಸ ಅವನದು. ಬೆಳಿಗ್ಗೆ ಐದಕ್ಕೆ ಮೇಲಿನ ಬೀದಿಯ ವಾಲ್ವು, ಆರಕ್ಕೆ ನಡುಬೀದಿಯದು, ಏಳಕ್ಕೆ ತನ್ನ ಕಾಲೋನಿಯದು. ಹೀಗೆ ಊರಿಗೆಲ್ಲ ನೀರು ಕುಡಿಸಿದ ಮನುಷ್ಯ ತನ್ನ ಟೀಯನ್ನು ಮಾತ್ರ ಅಂಗಡಿ ಪಕ್ಕದ ಹುಣಸೆಮರಕ್ಕೆ ಒರಗಿ ನಿಂತೇ ಕುಡಿಯುತ್ತಿದ್ದ. ಕೂರಬೇಡ ಅಂತ ಯಾರೂ ಅಂದಿರಲಿಲ್ಲ. ಕೂತ್ಕೊ ಅಂತಲೂ ಅಂದಿರಲಿಲ್ಲ. ಈಗ ನೋಡಿದರೆ ಪಂಚಾಯ್ತಿಯ ಮಾಜಿ ಅಧ್ಯಕ್ಷ ಕೋನಪ್ಪನೇ ಎದ್ದು ಕುರ್ಚಿ ಎಳೆದು ಹಾಕಿದ.

"ಬಾರಪ್ಪಾ ಮುನಿಶಾಮಿ, ಕೂತ್ಕೊ. ನೇವಿಲಿರೋನು ನಿನ್ನ ಮಗ ಅಲ್ವಾ? ಎಲ್ಲವ್ನೆ ಈಗ?"

"ಸಮುದ್ರದಾಗವ್ನೆ ಅಣ್ಣಾ. ಎಲ್ಲಿ ಅಂತ ಹೇಳಂಗಿಲ್ವಂತೆ. ಫೋನೂ ಇಲ್ಲ."

"ಹಡಗಲ್ಲಿ ಏನವನ ಕೆಲಸ?"

ಇಲ್ಲೇ ಮುನಿಶಾಮಿ ಎಡವಿದ್ದು. ಮಗ ಜಗನ್ ನೌಕಾಪಡೆಗೆ ಸೇರಿ ಆರು ವರ್ಷ. ಅವನು ಹಡಗಿನ ಅಡಿಗೆಯವನು. ಮುನ್ನೂರು ಜನಕ್ಕೆ ಮೂರು ಹೊತ್ತು ಬೇಯಿಸಿ ಹಾಕುವ ಕೆಲಸ. ಇದು ಮನೆಯವರಿಗೆಲ್ಲ ಗೊತ್ತು, ಊರಿಗೆ ಗೊತ್ತಿಲ್ಲ. ಅಂಗಡಿಯ ಟಿವಿಯಲ್ಲಿ ಆ ಹೊತ್ತಿಗೆ ಸರಿಯಾಗಿ ಹಡಗಿನಿಂದ ಕ್ಷಿಪಣಿ ಹಾರುವ ಚಿತ್ರ ಬರುತ್ತಿತ್ತು. ಮುನಿಶಾಮಿ ಟಿವಿ ನೋಡಿದ, ಕೋನಪ್ಪನ ಮುಖ ನೋಡಿದ, ತಾನು ಕೂತ ಕುರ್ಚಿಯನ್ನೂ ನೆನೆಸಿಕೊಂಡ. ಬಾಯಿಂದ ಬಿದ್ದೇ ಹೋಯಿತು.

"ಅದೇ ಅಣ್ಣಾ. ಆ ಬಟನ್ ಒತ್ತೋ ಡಿಪಾರ್ಟ್‌ಮೆಂಟು."

ಅಂಗಡಿಯವರೆಲ್ಲ "ಹೋ" ಅಂದರು. ಸಂಜೆಯ ಹೊತ್ತಿಗೆ ಆ ಮಾತು ಪಕ್ಕದ ಊರು ಸಾದಲಿ ಮುಟ್ಟಿತು. ಮಾರನೆಯ ದಿನ ಅವನ ಹೆಂಡತಿ ಅಕ್ಕಯಮ್ಮ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಅಂತ ಶಿಡ್ಲಘಟ್ಟದ ಬಸ್ಸು ಹತ್ತಿದರೆ ಕಂಡಕ್ಟರನೂ ಅದನ್ನೇ ಕೇಳಿದ.

ಅಕ್ಕಯಮ್ಮ ಮನೆಗೆ ಬಂದವಳೇ ಬ್ಯಾಗು ಬಿಸಾಡಿದಳು. ಇಡೀ ದಿನ ಬಿಸಿನೀರಲ್ಲಿ ಗೂಡಿನ ಎಳೆ ಹುಡುಕಿ ಬೆರಳೆಲ್ಲ ಬೆಳ್ಳಗೆ ನಿರಿಗೆಗಟ್ಟಿದ್ದವು.

"ಏನಯ್ಯಾ, ನನ್ನ ಮಗ ಯಾವಾಗಿಂದ ಬಟನ್ ಒತ್ತಕ್ಕೆ ಶುರು ಮಾಡ್ದ?"

"ಬಿಡೇ. ಒಂದು ಮಾತು ಬಂತು ಬಾಯಿಗೆ."

"ಸ್ಟವ್ವಿನ ಬಟನ್ನಾ?" ಅಂತ ಮಗಳು ಕವಿತ ಒಳಗಿಂದ ಕೂಗಿ ನಕ್ಕಳು. ಬಿ.ಎಡ್ ಓದುವ ಹುಡುಗಿ, ನಾಲಿಗೆ ಸ್ವಲ್ಪ ಚುರುಕು.

ಮುನಿಶಾಮಿಯ ತಾಯಿ ಓಬಳಮ್ಮ ಮಾತ್ರ ನಗಲಿಲ್ಲ. ಎಂಬತ್ತು ದಾಟಿದ ಮುದುಕಿ, ಮೊಮ್ಮಗ ದಡ ಸೇರುವ ತನಕ ಉಪ್ಪು ಮುಟ್ಟುವುದಿಲ್ಲ ಅಂತ ಸಪ್ಪೆ ಮುದ್ದೆ ನುಂಗುತ್ತಿದ್ದಳು. "ಏಮಿರಾ ಮುನಿಶಾಮೀ," ಅಂದಳು, "ಅನ್ನ ಮಾಡಿ ಹಾಕೋದು ಕಳ್ಳತನವೇನ್ರಾ, ಮುಚ್ಚಿಡಕ್ಕೆ?"

ಮುನಿಶಾಮಿ ಮೋಟರ್ ಆರಿಸಿ ಬರುತ್ತೇನೆಂದು ಎದ್ದು ಹೋದ.

ಯುದ್ಧ ನಿಂತಿತು. ಹತ್ತು ದಿನ ಕಳೆದ ಮೇಲೆ ಕಾರವಾರದ ಬಂದರಿಗೆ ಹಡಗುಗಳು ಬಂದವು. ಕವಿತ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಇಟ್ಟಳು, ಮನೆಯವರೆಲ್ಲ ಅದರ ಮುಂದೆ ಕೂತರು. ಬಿಳಿ ಬಟ್ಟೆಯ ನಾವಿಕರು ಹಡಗಿನ ಅಂಚಿನುದ್ದಕ್ಕೂ ಸಾಲಾಗಿ, ಅಲುಗಾಡದೆ ನಿಂತಿದ್ದರು. ದಡದಲ್ಲಿ ಬ್ಯಾಂಡು ಬಾರಿಸುತ್ತಿತ್ತು. ಹೆಂಡತಿಯರು ಮಕ್ಕಳನ್ನು ಎತ್ತಿ ತೋರಿಸುತ್ತಿದ್ದರು. ಅಕ್ಕಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೇ ಬಿಟ್ಟಳು.

"ಎಡಗಡೆಯಿಂದ ಏಳನೆಯೋನು ನಮ್ಮ ಜಗನ್," ಅಂದ ಮುನಿಶಾಮಿ.

"ಎಲ್ರೂ ಒಂದೇ ಥರ ಕಾಣ್ತಾರಪ್ಪಾ, ನಿಂಗೆ ಹೆಂಗೆ ಗೊತ್ತಾಯ್ತು?" ಅಂದಳು ಕವಿತ.

"ನಿಂತಿರೋ ನಿಲುವು ನೋಡಮ್ಮಾ. ನಮ್ಮಪ್ಪನ ನಿಲುವು."

ಅವನ ಎದೆ ಎಷ್ಟು ಉಬ್ಬಿತ್ತೆಂದರೆ ಅಂಗಿಯ ಗುಂಡಿ ಬಿಗಿಯಾಯಿತು. ಅಂದು ಓಬಳಮ್ಮ ಉಪ್ಪು ಹಾಕಿದ ಸಾರಲ್ಲಿ ಎರಡು ಮುದ್ದೆ ಉಂಡಳು.

ಜಗನ್‌ಗೆ ಹದಿನೈದು ದಿನ ರಜೆ ಸಿಕ್ಕಿದ ಸುದ್ದಿ ಬಂದದ್ದೇ ತಡ, ಕೋನಪ್ಪ ಶಾಲೆಯ ಜಗಲಿಯಲ್ಲಿ ಸಭೆ ಕರೆದ. ತೆರೆದ ಜೀಪು, ಬ್ಯಾಂಡ್‌ಸೆಟ್ಟು, ತಮಟೆ, ಮಕ್ಕಳ ಪೆರೇಡು, ಭಾಷಣ, ಊಟ. ಮನುಷ್ಯನಿಗೆ ನಿಜವಾಗಿಯೂ ಹೆಮ್ಮೆ ಇತ್ತು, ಅದರಲ್ಲಿ ಸುಳ್ಳಿಲ್ಲ. "ನಮ್ಮೂರ ಹುಡುಗ ಕಣ್ರೋ," ಅಂತ ಮೂರು ಸಲ ಅಂದ. ಆಮೇಲೆ ಮುನಿಶಾಮಿಯನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ.

"ಊಟ ನಿಮ್ಮ ಬೀದಿಲೇ ಇಟ್ಕೊ, ನಿನ್ನ ಮನೆ ಸಂಭ್ರಮ ಅದು. ಅಡಿಗೆಗೆ ಮಾತ್ರ ಶಿಡ್ಲಘಟ್ಟದಿಂದ ಭಟ್ರನ್ನ ಕರೆಸು. ಎಲ್ರೂ ಊಟ ಮಾಡ್ಬೇಕಲ್ಲಪ್ಪಾ."

"ಆಗ್ಲಿ ಅಣ್ಣಾ," ಅಂದ ಮುನಿಶಾಮಿ. ಅವನಿಗೆ ಇದು ಹೊಸದಲ್ಲ. ಕಾಲೋನಿಯಲ್ಲಿ ಮದುವೆಯಾಗಲಿ, ನಾಮಕರಣವಾಗಲಿ, ಮೇಲಿನ ಬೀದಿಯವರನ್ನು ಕರೆಯುವುದಾದರೆ ಹೊರಗಿನ ಅಡಿಗೆಯವರನ್ನು ತರಿಸುವುದು ವಾಡಿಕೆ. ಯಾಕೆ ಅಂತ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಯಾರೂ ಬಾಯಿ ಬಿಟ್ಟು ಕೇಳುವುದೂ ಇಲ್ಲ. ಅವನ ಸ್ವಂತ ಮದುವೆಗೂ ಚಿಂತಾಮಣಿಯಿಂದ ಅಡಿಗೆಯವರು ಬಂದಿದ್ದರು.

ಜಗನ್ ಗುರುವಾರ ಬೆಳಿಗ್ಗೆಯೇ ಬಂದುಬಿಟ್ಟ. ಮೆರವಣಿಗೆ ಭಾನುವಾರ. "ಅಲ್ಲೀ ತನಕ ಹುಡುಗ ಹೊರಗೆ ತಲೆ ಹಾಕೋದು ಬೇಡ, ಭಾನುವಾರ ಕ್ರಾಸಿನಿಂದ ಹೊಸದಾಗಿ ಬರ್ಲಿ," ಅಂತ ಕೋನಪ್ಪ ಹೇಳಿ ಕಳಿಸಿದ. ಹೀಗಾಗಿ ಯುದ್ಧ ಕಂಡು ಬಂದವನು ಮೂರು ದಿನ ಮನೆಯೊಳಗೆ ಅವಿತು ಕೂರಬೇಕಾಯಿತು. ಅಕ್ಕಯಮ್ಮ ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ಮಗನಿಗೆ ಇಷ್ಟವೆಂದು ಹುರುಳಿಕಾಳಿನ ಬಸ್ಸಾರು ಮಾಡಿದಳು. ಅವನೋ, ಅವಳ ಕೈಯಿಂದ ಈಳಿಗೆಮಣೆ ಕಿತ್ತುಕೊಂಡು ಈರುಳ್ಳಿ ಹೆಚ್ಚುವುದಕ್ಕೆ ಕೂತ.

ಶುಕ್ರವಾರ ಮಧ್ಯಾಹ್ನ ಊಟ ಮಾಡುವಾಗ ಕವಿತಳ ಫೋನಿಗೆ ಸ್ವಾಗತದ ಫ್ಲೆಕ್ಸಿನ ಚಿತ್ರ ಬಂತು. ಅವಳು ಅದನ್ನು ಅಣ್ಣನ ಮುಂದೆ ಹಿಡಿದಳು. 'ಶತ್ರುವಿನ ಎದೆ ನಡುಗಿಸಿದ ಕ್ಷಿಪಣಿ ವೀರ ಜಗನ್‌ಗೆ ಸುಸ್ವಾಗತ.' ಒಂದು ಕಡೆ ಜಗನ್, ಇನ್ನೊಂದು ಕಡೆ ಬೆಂಕಿ ಉಗುಳುವ ಕ್ಷಿಪಣಿ, ಮೂಲೆಯಲ್ಲಿ ಕೋನಪ್ಪ ಕೈ ಮುಗಿದಿದ್ದ.

"ಇದೇನಪ್ಪಾ, ನನ್ನ ಪಕ್ಕ ರಾಕೆಟ್ಟು?"

ಮುನಿಶಾಮಿ ತುತ್ತನ್ನು ಸಾರಿನಲ್ಲಿ ಹೊರಳಿಸುತ್ತ ಕೂತ.

"ಹೇಳಯ್ಯಾ," ಅಂದಳು ಅಕ್ಕಯಮ್ಮ. "ಊರಿಗೆಲ್ಲ ಹೇಳಿದ್ದೀಯ, ಅವನಿಗೂ ಹೇಳು."

ಹೇಳಿದ. ಟೀ ಅಂಗಡಿ, ಕುರ್ಚಿ, ಬಟನ್ನು, ಭಟ್ಟರು, ಎಲ್ಲ. ಜಗನ್ ಕೇಳಿಸಿಕೊಂಡ. ಸಿಟ್ಟು ಮಾಡಿದ್ದರೆ ಮುನಿಶಾಮಿಗೆ ವಾಸಿಯಾಗುತ್ತಿತ್ತು. ಹುಡುಗ ಅಂಗಿಯ ತೋಳು ಮೇಲೆ ಸರಿಸಿ, ಮೊಣಕೈ ತನಕ ಸುಟ್ಟು ಕಪ್ಪಾಗಿದ್ದ ಚರ್ಮ ತೋರಿಸಿದ.

"ಐದು ದಿನ ಯಾರೂ ಅವರವರ ಜಾಗ ಬಿಟ್ಟು ಏಳಂಗಿರ್ಲಿಲ್ಲ, ಊಟಕ್ಕೂ. ಅಡಿಗೆಮನೇಲಿ ನಾವು ಎಂಟೇ ಜನ. ಪೂರಿ, ಆಲೂಗಡ್ಡೆ ಪಲ್ಯ ಪೊಟ್ಟಣ ಕಟ್ಟಿ, ಕಬ್ಬಿಣದ ಏಣಿ ಹತ್ತಿ ಇಳಿದು ಒಬ್ಬೊಬ್ರ ಕೈಗೂ ಕೊಟ್ಟಿದ್ದೀವಿ. ಹಡಗು ವಾಲಿದಾಗ ಬಾಣಲೆ ಎಣ್ಣೆ ಹಾರಿದ್ದು ಇದು. ಸಾಹೇಬ್ರು ರೇಡಾರ್ ಪರದೆ ಮೇಲಿಂದ ಕಣ್ಣು ತೆಗೀದೆ ನನ್ನ ಕೈಯಿಂದ ತಗೊಂಡು ತಿಂದ್ರು. ಯುಪಿಯೋರು, ಕೇರಳದೋರು, ಯಾರ್ಯಾರೋ. ನೀನ್ಯಾರು ಅಂತ ಒಬ್ರೂ ಕೇಳಲಿಲ್ಲ, ಇನ್ನೂ ಎರಡು ಪೂರಿ ಇದೆಯಾ ಅಂತ ಕೇಳಿದ್ರು. ಎಲ್ಲಾ ಮುಗಿದ ದಿನ ಹಡಗಿನ ಮೈಕಲ್ಲಿ ಮೊದಲು ಥ್ಯಾಂಕ್ಸ್ ಹೇಳಿದ್ದು ಅಡಿಗೆಮನೆಗೆ. ಅಲ್ಲಿ ಹೆಸರು ಕೂಗಿ ಹೇಳ್ತಾರೆ, ಇಲ್ಲಿ ನಮ್ಮಪ್ಪನೇ ಮುಚ್ಚಿಡ್ತಾನೆ."

"ನಾಚ್ಕೆಗೆ ಮುಚ್ಚಿಟ್ಟಿದ್ದಲ್ಲ ಕಣಪ್ಪಾ," ಅಂದ ಮುನಿಶಾಮಿ. ತಟ್ಟೆ ಪಕ್ಕಕ್ಕೆ ಸರಿಸಿ, "ಸುಳ್ಳು ಯಾಕೆ, ನಾಚ್ಕೆಗೇ," ಅಂದ.

"ಭಾನುವಾರ ಅಡಿಗೆ ನಾನೇ ಮಾಡ್ತೀನಿ."

"ಬೇಡ ಕಣಪ್ಪಾ! ಒಬ್ರೂ ಬರಲ್ಲ. ಜೀಪಲ್ಲಿ ಮೆರೆಸಿ, ಊಟಕ್ಕೆ ಬೆನ್ನು ತೋರಿಸಿದ್ರೆ ನಿನ್ನ ಮುಖ ನಾನು ಹೆಂಗೆ ನೋಡ್ಲಿ?"

"ಬರದೇ ಇದ್ರೆ ನಮ್ಮೋರು ಉಣ್ತಾರೆ. ನಿನ್ನಿಂದ ನನಗೆ ಒಂದೇ ಒಂದು ಆಗ್ಬೇಕು. ನಾನೇನು ಕೆಲಸ ಮಾಡ್ತೀನಿ ಅಂತ ಊರ ಮುಂದೆ ನಿನ್ನ ಬಾಯಲ್ಲೇ ಹೇಳು. ಹೇಳದೇ ಹೋದ್ರೆ ನಾನು ಜೀಪು ಹತ್ತಲ್ಲ."

"ಮುನ್ನೂರು ಜನಕ್ಕೆ ಅನ್ನ ಹಾಕಿದೋನ ಬಾಗಿಲಲ್ಲಿ ಇನ್ನೊಬ್ಬನ ಕೈಗೆ ಸೌಟು ಕೊಡ್ತೀಯೇನ್ರಾ?" ಅಂತ ಓಬಳಮ್ಮ ಮೂಲೆಯಿಂದ ಗುಡುಗಿದಳು. "ನಾ ಬಂಗಾರು ಮಾಡ್ತಾನೆ ಅಡಿಗೆ. ಯಾರೂ ಬರ್ದಿದ್ರೆ ನಾನೊಬ್ಳೇ ಕೂತು ತಿಂತೀನಿ, ಹೋಗು!"

ಶನಿವಾರ ಬೆಳಿಗ್ಗೆ ಮುನಿಶಾಮಿ ಭಟ್ಟರಿಗೆ ಫೋನು ಮಾಡಿ ಬೇಡವೆಂದ. ಅಲ್ಲಿಂದ ನೆಟ್ಟಗೆ ಕೋನಪ್ಪನ ಮನೆಗೆ ಹೋಗಿ ಅಂಗಳದಲ್ಲಿ ನಿಂತ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ. ಕೋನಪ್ಪ ಹೊರಗೆ ಬಂದು "ಏನಯ್ಯಾ?" ಅಂದ.

"ನೀರು ಸರಿಯಾಗಿ ಬರ್ತಿದೆಯಾ ಅಣ್ಣಾ?"

"ಬರ್ತಿದೆಯಲ್ಲ, ಯಾಕೆ?"

"ಏನಿಲ್ಲ, ಕೇಳಣ ಅಂತ ಬಂದೆ."

ಇಷ್ಟು ಹೇಳಿ ವಾಪಸ್ಸು ಬಂದ ಗಂಡನಿಗೆ ಅಕ್ಕಯಮ್ಮ ಏನೇನಂದಳು ಅನ್ನುವುದನ್ನು ಇಲ್ಲಿ ಬರೆಯದಿರುವುದೇ ಒಳ್ಳೆಯದು. ನಾಳೆ ಮೈಕಿನಲ್ಲಿ ಹೇಳುತ್ತೇನೆ ಅಂತ ಅವಳ ತಲೆ ಮುಟ್ಟಿ ಆಣೆ ಮಾಡಿದ ಮೇಲೆಯೇ ತಟ್ಟೆಗೆ ಅನ್ನ ಬಿದ್ದದ್ದು.

ಭಾನುವಾರ ಕೋಳಿ ಕೂಗುವ ಹೊತ್ತಿಗೆ ಜಗನ್ ಬೀದಿಯಲ್ಲಿ ಮೂರು ಒಲೆ ಹೂಡಿದ. ಒಂಬತ್ತರ ಹೊತ್ತಿಗೆ ಸಾರು ಕುದಿದು, ಪಲ್ಯ ಇಳಿದು, ಪೂರಿ ಹಿಟ್ಟು ನಾದಿ ಆಯಿತು. ಮುದ್ದೆ ತಿರುವುವುದನ್ನು ಅಮ್ಮನಿಗೂ ಪೂರಿ ಲಟ್ಟಿಸುವುದನ್ನು ತಂಗಿಗೂ ಅವಳ ಗೆಳತಿಯರಿಗೂ ಒಪ್ಪಿಸಿ, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರ ತೊಟ್ಟು, ಹಿಂದಿನ ದಾರಿಯಲ್ಲಿ ಬೈಕು ಹತ್ತಿ ಕ್ರಾಸಿಗೆ ಹೋದ. ಅಲ್ಲಿ ಊರಿನವರು ಮೂರು ದಿನದಿಂದ ಊರಲ್ಲೇ ಇದ್ದವನನ್ನು ಈಗ ತಾನೇ ಬಂದಿಳಿದವನ ಹಾಗೆ ಅಪ್ಪಿಕೊಂಡು ಹಾರ ಹಾಕಿದರು.

ಆ ಮೆರವಣಿಗೆಯ ಸೊಗಸನ್ನು ಏನಂತ ಹೇಳುವುದು! ಮುಂದೆ ಕಾಲೋನಿಯ ಹುಡುಗರ ತಮಟೆ, ಹಿಂದೆ ಬ್ಯಾಂಡ್‌ಸೆಟ್ಟು. ಶಾಲೆಯ ತನುಜಾ ಮೇಡಂ ಕಾರವಾರದ ವಿಡಿಯೋ ನೋಡಿದ್ದರಂತೆ. ಮಕ್ಕಳಿಗೆಲ್ಲ ಬಿಳಿ ಅಂಗಿ ತೊಡಿಸಿ, ಕೆರೆ ಏರಿಯುದ್ದಕ್ಕೂ ಹಡಗಿನ ಅಂಚಿನಲ್ಲಿ ನಿಲ್ಲಿಸಿದ ಹಾಗೆ ಸಾಲಾಗಿ ನಿಲ್ಲಿಸಿದ್ದರು. ಜೀಪು ಬಂದ ಕೂಡಲೇ ನಲವತ್ತು ಪುಟ್ಟ ಕೈಗಳು ಒಟ್ಟಿಗೆ ಹಣೆಗೆ ಹೋದವು. ಜಗನ್ ಜೀಪಿನಲ್ಲಿ ಎದ್ದು ನಿಂತು ಸೆಲ್ಯೂಟ್ ಮಾಡಿದ. ಪಕ್ಕದಲ್ಲಿ ಕೂತಿದ್ದ ಮುನಿಶಾಮಿಗೆ ಕಣ್ಣು ಮಂಜಾಗಿ ಮಕ್ಕಳು ಕಾಣಲಿಲ್ಲ.

ಜೀಪು ಮೇಲಿನ ಬೀದಿಗೆ ತಿರುಗಿತು. ಮುನಿಶಾಮಿಯ ಮದುವೆಯ ಮೆರವಣಿಗೆ ಈ ಬೀದಿಗೆ ಬಂದಿರಲಿಲ್ಲ, ಅವನ ಅಪ್ಪನದೂ ಬಂದಿರಲಿಲ್ಲ. ಇವತ್ತು ಮನೆ ಮನೆಯ ಮುಂದೆ ರಂಗೋಲಿ ಇತ್ತು. ಕೋನಪ್ಪನ ಹೆಂಡತಿ ಚಿಕ್ಕವೆಂಕಟಮ್ಮ ಜೀಪನ್ನು ನಿಲ್ಲಿಸಿ ಆರತಿ ಎತ್ತಿ, ಹುಡುಗನ ಹಣೆಗೆ ತಾನೇ ಕುಂಕುಮ ಇಟ್ಟಳು. "ನೂರು ವರ್ಷ ಬಾಳಪ್ಪಾ," ಅಂದಳು. ಇಷ್ಟೆಲ್ಲ ಇನ್ನೊಂದು ಗಂಟೆ, ಆಮೇಲೆ ನನ್ನ ಬಾಯಿಂದಲೇ ಹಾಳಾಗುತ್ತದೆ ಅಂದುಕೊಂಡ ಮುನಿಶಾಮಿ.

ಶಾಲೆಯ ಮೈದಾನದಲ್ಲಿ ವೇದಿಕೆ. ಕೋನಪ್ಪ ಅರ್ಧ ಗಂಟೆ ಕ್ಷಿಪಣಿಗಳ ಬಗ್ಗೆ ಮಾತಾಡಿದ. ಎಲ್ಲಿಂದ ಹಾರಿತು, ಎಲ್ಲಿ ಬಿತ್ತು, ತಾನೇ ಕಂಡ ಹಾಗೆ. ಕೊನೆಗೆ "ಇಂಥಾ ಮಗನ್ನ ಹೆತ್ತ ಮುನಿಶಾಮಪ್ಪನೋರು ಎರಡು ಮಾತಾಡ್ಬೇಕು," ಅಂತ ಮೈಕು ಕೊಟ್ಟ. ಹುಟ್ಟಿದಾಗಿನಿಂದ ಮುನಿಶಾಮಿ ಅನ್ನಿಸಿಕೊಂಡವನು ಅವತ್ತೊಂದು ದಿನ ಮುನಿಶಾಮಪ್ಪನವರಾಗಿದ್ದ.

ಮುನಿಶಾಮಿ ಮೈಕು ಹಿಡಿದ. ಜಗನ್ ಕಡೆ ನೋಡಿದ. ಹುಡುಗ ನೆಟ್ಟಗೆ ಮುಂದೆ ನೋಡುತ್ತ ನಿಂತಿದ್ದ.

"ಎಲ್ರಿಗೂ ನಮಸ್ಕಾರ. ನಾನು... ನಾನೊಂದು ಸುಳ್ಳು ಹೇಳಿದ್ದೆ. ನನ್ನ ಮಗ ಬಟನ್ ಒತ್ತಿಲ್ಲ. ಅವನು ಹಡಗಲ್ಲಿ ಅಡಿಗೆ ಮಾಡ್ತಾನೆ. ಬಟನ್ ಒತ್ತೋರು ಬೇರೆ ಇದ್ರು. ಅವರು ಐದು ದಿನ ನಿಂತಿದ್ದು ಇವನು ಮಾಡಿ ಹಾಕಿದ್ದು ತಿಂದು. ಕೈ ಸುಟ್ಕೊಂಡು ಹಾಕವ್ನೆ. ಅದನ್ನ ಹೇಳಕ್ಕೆ ನನಗೆ ಬಾಯಿ ಬರ್ಲಿಲ್ಲ, ತಪ್ಪು ನಂದು. ಇವತ್ತಿನ ಊಟಾನೂ ಇವನೇ ಮಾಡಿರೋದು. ಭಟ್ರು ಬಂದಿಲ್ಲ, ನಾನೇ ಬೇಡ ಅಂದೆ. ನಮ್ಮ ಬೀದಿಲಿ ಎಲೆ ಹಾಕಿದ್ದೀವಿ. ಬರೋರು ಬನ್ನಿ."

ಹಿಂದಿನಿಂದ ಯಾರೋ "ಅಡಿಗೆಯೋನಿಗಾ ಇಷ್ಟೆಲ್ಲ ಜೀಪು?" ಅಂದು ನಕ್ಕರು. ಕೋನಪ್ಪ ಮೈಕು ಕಿತ್ತುಕೊಂಡು, ಎರಡು ಸಲ ಕೆಮ್ಮಿ, "ಕಾರ್ಯಕ್ರಮ ಮುಗೀತು," ಅಂದ. ಮುಖ ಕೆಂಪಾಗಿತ್ತು.

ವೇದಿಕೆ ಇಳಿದು ಬರುವಾಗ ಜಗನ್ ಅಪ್ಪನ ಹೆಗಲ ಮೇಲೆ ಕೈ ಹಾಕಿದ. ಮುನಿಶಾಮಿಗೆ ಅಷ್ಟೇ ಸಾಕಾಗಿತ್ತು. ಆದರೂ ಕಾಲೋನಿಗೆ ಬಂದು ಉದ್ದಕ್ಕೂ ಹಾಸಿದ ಚಾಪೆ, ಸಾಲಾಗಿ ಹಾಕಿದ ಎಲೆ ನೋಡಿ, ಬೀದಿಯ ತಿರುವಿನತ್ತಲೇ ಕಣ್ಣಿಟ್ಟು ನಿಂತ.

"ಕಾಯೋದು ಯಾರಿಗೆ? ಬಡಿಸಣ," ಅಂದಳು ಅಕ್ಕಯಮ್ಮ.

ಮೊದಲು ಬಂದವರು ಬಿಳಿ ಅಂಗಿಯ ಮಕ್ಕಳು, ಕಿರುಚಿಕೊಂಡು, ಒಬ್ಬರ ಮೇಲೊಬ್ಬರು ಬೀಳುತ್ತ. "ಪೂರಿ ಅಂತ ಗೊತ್ತಾದ್ಮೇಲೆ ನನ್ನ ಮಾತು ಯಾರು ಕೇಳ್ತಾರೆ ಹೇಳಿ," ಅಂತ ತನುಜಾ ಮೇಡಂ ಮಕ್ಕಳ ನಡುವೆಯೇ ಕೂತರು. ಬ್ಯಾಂಡಿನವರು ವಾದ್ಯ ಇಳಿಸಿ ಕೂತರು. ನಡುಬೀದಿಯ ಕೆಲವರು ಬಂದರು. ಮೇಲಿನ ಬೀದಿಯ ಎರ್ರಪ್ಪ ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು ಅಂತ ಹೊರಟ, ಇನ್ನೊಬ್ಬನಿಗೆ ಅವತ್ತೇ ಉಪವಾಸ ನೆನಪಾಯಿತು. ಚಿಕ್ಕವೆಂಕಟಮ್ಮ ಮಾತ್ರ ಇಬ್ಬರು ಸೊಸೆಯರನ್ನು ಹಿಂದಿಟ್ಟುಕೊಂಡು ಬೀದಿಯ ನಡುವೆ ನಡೆದು ಬಂದಳು.

"ಆರತಿ ಎತ್ತಿದೋಳಿಗೆ ಊಟ ಹಾಕಲ್ವೇನಪ್ಪಾ ಜಗನ್?"

ಓಬಳಮ್ಮ ಅವಳ ಕೈ ಹಿಡಿದು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಬೀದಿಯ ತಿರುವಿನಲ್ಲಿ ಕೋನಪ್ಪ ಒಬ್ಬನೇ ನಿಂತಿದ್ದ. ಹೆಂಡತಿಯನ್ನು ನೋಡಿದ, ಎಲೆಗಳನ್ನು ನೋಡಿದ, ಹಿಂದೆ ತಿರುಗಿ ಯಾರಾದರೂ ನೋಡುತ್ತಿದ್ದಾರೆಯೇ ಅಂತಲೂ ನೋಡಿದ. ಆಮೇಲೆ ನಿಧಾನಕ್ಕೆ ಮುನಿಶಾಮಿಯ ಹತ್ತಿರ ಬಂದ.

"ನನಗೆ ಶುಗರ್ ಕಣಯ್ಯಾ."

ಕಾಲೋನಿಯ ಊಟದ ಮನೆಗಳಲ್ಲಿ ಶುಗರ್, ಗ್ಯಾಸ್ಟ್ರಿಕ್ ಅಂದರೆ ಏನರ್ಥ ಅಂತ ಮುನಿಶಾಮಿಗೆ ಗೊತ್ತಿಲ್ಲದ್ದಲ್ಲ. "ಆಗ್ಲಿ ಅಣ್ಣಾ, ಬಂದ್ರಲ್ಲ, ಅಷ್ಟೇ ಸಾಕು," ಅಂದ.

"ಏನ್ ಸಾಕು? ಪೂರಿ ಬೇಡ ಅಂದೆ. ಮುದ್ದೆ ಹಾಕ್ಸು," ಅಂದ ಕೋನಪ್ಪ. ಚಪ್ಪಲಿ ಬಿಟ್ಟು, ಸಾಲಿನ ತುದಿಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತೇ ಬಿಟ್ಟ. "ಮೊದಲೇ ಹೇಳಿದ್ರೆ ಆಗ್ತಿರ್ಲಿಲ್ವೇನೋ? ಮೈಕಲ್ಲಿ ನನ್ನ ಮಾನ ಕಳೆದೆಯಲ್ಲೋ!"

ಮುನಿಶಾಮಿ ಬಡಿಸುವುದಕ್ಕೆ ಸಾರಿನ ಬಕೆಟ್ಟಿಗೆ ಕೈ ಹಾಕಿದ. ಜಗನ್ ಅದನ್ನು ಅವನ ಕೈಯಿಂದ ತೆಗೆದುಕೊಂಡು, "ಬಡಿಸೋದು ನನ್ನ ಡ್ಯೂಟಿ. ನೀನು ಕೂತ್ಕೊ," ಅಂತ ಕೋನಪ್ಪನ ಪಕ್ಕದ ಎಲೆ ತೋರಿಸಿದ.

ಮುನಿಶಾಮಿ ಕೂತ. ಮೊಣಕಾಲಿಗೆ ಮೊಣಕಾಲು ತಾಗಿತು, ಕೋನಪ್ಪ ಸರಿದು ಕೂರಲಿಲ್ಲ. ಮಗ ಬಗ್ಗಿ ಇಬ್ಬರಿಗೂ ಮುದ್ದೆ ಇಟ್ಟು ಸಾರು ಬಿಟ್ಟ. ಪಂಕ್ತಿಯಲ್ಲಿ ಪಕ್ಕದವರು ಉಣ್ಣುತ್ತಿರುವಾಗ ಎದ್ದು ಹೋಗಬಾರದು ಅನ್ನುವುದು ಆ ಸೀಮೆಯ ಮರ್ಯಾದೆ. ಅವತ್ತು ಮುನಿಶಾಮಿ ಮೂರು ಮುದ್ದೆ ಉಂಡ. ಒಂದು ಹಸಿವಿಗೆ, ಒಂದು ಮಗನ ಕೈರುಚಿಗೆ, ಮೂರನೆಯದು ಪಕ್ಕದಲ್ಲಿ ಕೋನಪ್ಪ ಇನ್ನೂ ಉಣ್ಣುತ್ತಲೇ ಇದ್ದ ಅನ್ನುವ ಕಾರಣಕ್ಕೆ.